ಪುಟ ಬೇಗ ತೆರೆಯಲು ಬ್ರೌಸರಿನಲ್ಲಿ ಏನು ಬದಲಿಸಬೇಕು

ವೆಬ್ ಪುಟವೊಂದು ತೆರೆದುಕೊಳ್ಳಲು ಹಿಡಿಯುವ ಹೊತ್ತು ಮೂರು ಕಡೆ ಖರ್ಚಾಗುತ್ತದೆ: ಮಾಹಿತಿ ಹೋಗಿ ಬರುವ ದಾರಿಯಲ್ಲಿ, ಅದನ್ನು ಕಳಿಸುವ ಸರ್ವರಿನಲ್ಲಿ, ಅದನ್ನು ಬಿಡಿಸಿ ತೋರಿಸುವ ಕಂಪ್ಯೂಟರ್ ಇಲ್ಲವೆ ಮೊಬೈಲಿನಲ್ಲಿ. ಬ್ರೌಸರಿನ ಸೆಟಿಂಗ್ಸ್ ಬದಲಿಸಿದರೆ ದಾರಿಯ ಹೊತ್ತು ಸ್ವಲ್ಪ ಉಳಿಯುತ್ತದೆ, ಯಂತ್ರದ ಹೊತ್ತು ಸಾಕಷ್ಟು ಉಳಿಯುತ್ತದೆ. ಸರ್ವರಿನ ಹೊತ್ತಿನ ಮೇಲೆ ಮಾತ್ರ ಬಳಕೆದಾರನ ಕೈ ನಡೆಯುವುದಿಲ್ಲ. ತಡ ಆಗುತ್ತಿರುವುದು ಎಲ್ಲಿ ಎಂದು ಮೊದಲು ತಿಳಿದುಕೊಂಡರೆ ಉಳಿದ ಕೆಲಸ ಸುಲಭ.

ಗದಗ ಸೀಮೆಯ ಅಂತೂರ ಬೆಂತೂರದಂಥ ಊರುಗಳಲ್ಲಿ ಈ ತಿಳಿವಳಿಕೆಗೆ ನೇರವಾದ ಉಪಯೋಗವಿದೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಈ ಭಾಗದ ಜನ ಉತಾರ ಎಂದು ಕರೆಯುವ ಆ ಕಾಗದವನ್ನು ಈಗ ಮನೆಯಿಂದಲೇ ನೋಡಬಹುದು. ಬೆಳೆ ವಿಮೆ, ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಬ್ರೌಸರಿನ ಮೂಲಕವೇ ಸಾಗುತ್ತವೆ. ಪುಟ ತೆರೆಯದಿದ್ದಾಗ ಕೇಳಿಬರುವ ಮಾತು ಒಂದೇ: "ಸರ್ವರ್ ಇಲ್ರಿ." ಅದು ಕೆಲವೊಮ್ಮೆ ನಿಜ, ಕೆಲವೊಮ್ಮೆ ತಡ ಎದುರಿಗಿರುವ ಯಂತ್ರದಲ್ಲೇ ಇರುತ್ತದೆ. ದಿನದ ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತವರಿಗೆ ಈ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಒಂದು ಪುಟ ಬರುವ ಬಗೆ

ವಿಳಾಸ ಒತ್ತಿದ ಕೂಡಲೇ ಬ್ರೌಸರ್ ಮೊದಲು ಆ ಹೆಸರಿನ ಹಿಂದಿರುವ ಅಂಕಿಯ ವಿಳಾಸವನ್ನು ಡಿಎನ್‌ಎಸ್ ಎಂಬ ವ್ಯವಸ್ಥೆಯಲ್ಲಿ ಕೇಳುತ್ತದೆ. ಆಮೇಲೆ ಸರ್ವರಿನ ಜೊತೆ ಸಂಪರ್ಕ ಕಟ್ಟುತ್ತದೆ. ಮೂರನೆಯ ಸುತ್ತಿನಲ್ಲಿ ಮಾತುಕತೆ ಗುಟ್ಟಾಗಿರುವಂತೆ ಬೀಗದ ಒಪ್ಪಂದ ಮಾಡಿಕೊಳ್ಳುತ್ತದೆ. ನಾಲ್ಕನೆಯ ಸುತ್ತಿನಲ್ಲಿ ಪುಟವನ್ನು ಬೇಡುತ್ತದೆ. ಮೊದಲ ಅಕ್ಷರ ಕಾಣುವ ಮುನ್ನವೇ ನಾಲ್ಕು ಬಾರಿ ಹೋಗಿ ಬಂದಾಯಿತು. 2018ಕ್ಕೂ ಮುಂಚಿನ ಬೀಗದ ಪದ್ಧತಿಯಾದರೆ ಇನ್ನೊಂದು ಸುತ್ತು ಹೆಚ್ಚು.

ಗದಗಿನಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡುವುದರಿಂದ ಹೋಗಿ ಬರಲು 4 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲು ಸಾಕು. ಹಾಗಾಗಿ ತಡಕ್ಕೆ ಕಾರಣ ದೂರವಲ್ಲ. ಮೊಬೈಲಿನಿಂದ ಟವರಿನವರೆಗಿನ ಗಾಳಿಯ ದಾರಿ ಮತ್ತು ಅಲ್ಲಿನ ಗದ್ದಲ ಹೆಚ್ಚು ಹೊತ್ತು ತಿನ್ನುತ್ತವೆ. ಸಿಗ್ನಲ್ ಚೆನ್ನಾಗಿದ್ದು ಒಂದು ಸುತ್ತಿಗೆ 50 ಮಿಲಿಸೆಕೆಂಡ್ ಹಿಡಿದರೆ ನಾಲ್ಕು ಸುತ್ತು 200 ಮಿಲಿಸೆಕೆಂಡಿನಲ್ಲಿ ಮುಗಿಯುತ್ತವೆ. ಸಿಗ್ನಲ್ ಕುಂದಿ ಒಂದು ಸುತ್ತಿಗೆ 300 ಹಿಡಿದರೆ ಅದೇ ಕೆಲಸಕ್ಕೆ 1.2 ಸೆಕೆಂಡ್ ಬೇಕು. ಪುಟವು ಚಿತ್ರ, ಅಕ್ಷರ, ಜಾಹೀರಾತುಗಳನ್ನು ಬೇರೆ ಬೇರೆ ಸರ್ವರುಗಳಿಂದ ತರಿಸುತ್ತಿದ್ದರೆ ಪ್ರತಿಯೊಂದಕ್ಕೂ ಈ ಸುತ್ತುಗಳು ಹೊಸದಾಗಿ ಶುರುವಾಗುತ್ತವೆ.

ತಡ ಎಲ್ಲಿದೆ ಎಂದು ನೋಡುವುದು

ಕಂಪ್ಯೂಟರಿನಲ್ಲಿ ಕ್ರೋಮ್ ಇಲ್ಲವೆ ಎಡ್ಜ್ ತೆರೆದು ಎಫ್12 ಕೀಲಿ ಒತ್ತಿ, 'ನೆಟ್‌ವರ್ಕ್' ಎಂಬ ಭಾಗಕ್ಕೆ ಹೋಗಿ ಪುಟವನ್ನು ಮತ್ತೊಮ್ಮೆ ಲೋಡ್ ಮಾಡಬೇಕು. ಪುಟ ತರಿಸಿಕೊಂಡ ಒಂದೊಂದು ವಸ್ತುವೂ ಒಂದೊಂದು ಸಾಲಾಗಿ ಕಾಣುತ್ತದೆ. ಕೆಳಗಿನ ಪಟ್ಟಿಯಲ್ಲಿ ಒಟ್ಟು ಎಷ್ಟು ವಸ್ತು, ಎಷ್ಟು ಎಂಬಿ, ಎಷ್ಟು ಸೆಕೆಂಡ್ ಎಂಬ ಲೆಕ್ಕವಿರುತ್ತದೆ. ಮೊದಲ ಸಾಲನ್ನು ಒತ್ತಿ 'ಟೈಮಿಂಗ್' ನೋಡಿದರೆ ಹೊತ್ತು ಎಲ್ಲೆಲ್ಲಿ ಹೋಯಿತೆಂದು ಬಿಡಿಬಿಡಿಯಾಗಿ ತಿಳಿಯುತ್ತದೆ.

'ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್' ಎಂಬ ಗೆರೆ ಹತ್ತಾರು ಸೆಕೆಂಡ್ ಉದ್ದವಿದ್ದು, ಬೇರೆ ತಾಣಗಳು ಬೇಗ ತೆರೆಯುತ್ತಿದ್ದರೆ ತಡ ಆ ಸರ್ವರಿನದು. ಆಗ ಸೆಟಿಂಗ್ಸ್ ಮುಟ್ಟಿ ಫಲವಿಲ್ಲ. 'ಡಿಎನ್‌ಎಸ್ ಲುಕಪ್' ಅಥವಾ 'ಇನಿಷಿಯಲ್ ಕನೆಕ್ಷನ್' ಉದ್ದವಿದ್ದರೆ ದೋಷ ದಾರಿಯಲ್ಲಿದೆ. ಎಲ್ಲ ಗೆರೆಗಳೂ ಗಿಡ್ಡವಿದ್ದು ಪುಟ ಮಾತ್ರ ತೊಡರುತ್ತಿದ್ದರೆ ಯಂತ್ರಕ್ಕೆ ಭಾರ ಹೆಚ್ಚಾಗಿದೆ.

ಮೊದಲು ಇಳಿಸಬೇಕಾದ ಹೊರೆ

ಹೆಚ್ಚಿನ ಕಂಪ್ಯೂಟರುಗಳಲ್ಲಿ ದೊಡ್ಡ ಲಾಭ ಸಿಗುವುದು ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯುವುದರಿಂದ. ಕೂಪನ್ ಹುಡುಕುವುದು, ಪಿಡಿಎಫ್ ಬದಲಿಸುವುದು, ವಿಡಿಯೋ ಇಳಿಸಿಕೊಳ್ಳುವುದು ಎಂದು ಯಾವತ್ತೋ ಹಾಕಿದ ಈ ಸೇರ್ಪಡೆಗಳಲ್ಲಿ ಹಲವು, ತೆರೆದ ಪ್ರತಿ ಪುಟದಲ್ಲೂ ತಮ್ಮ ಕೆಲಸ ನಡೆಸುತ್ತಲೇ ಇರುತ್ತವೆ. ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ ಎಷ್ಟು ಮೆಮೊರಿ ಹಿಡಿದಿದೆ ಎಂಬ ಪಟ್ಟಿ ಬರುತ್ತದೆ. ವಾರಕ್ಕೊಮ್ಮೆಯೂ ಬಳಸದಿರುವುದನ್ನು ತೆಗೆಯಬಹುದು.

4 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಮೆಮೊರಿ ಸಾಲದೆ ಯಂತ್ರವು ಹಾರ್ಡ್ ಡಿಸ್ಕಿನ ಮೊರೆ ಹೋಗುತ್ತದೆ. ಡಿಸ್ಕ್ ನಿಧಾನ, ಹಾಗಾಗಿ ಎಲ್ಲವೂ ನಿಧಾನ. ಸೆಟಿಂಗ್ಸ್‌ನ 'ಪರ್ಫಾರ್ಮೆನ್ಸ್' ಭಾಗದಲ್ಲಿರುವ 'ಮೆಮೊರಿ ಸೇವರ್' ಇದಕ್ಕೆಂದೇ ಬಂದದ್ದು. ಬಹಳ ಹೊತ್ತು ನೋಡದ ಟ್ಯಾಬ್‌ಗಳನ್ನು ಅದು ಮಲಗಿಸುತ್ತದೆ. ಅರ್ಧ ತುಂಬಿದ ಅರ್ಜಿ ಇರುವ ತಾಣವನ್ನು 'ಸದಾ ಎಚ್ಚರವಿರಲಿ' ಎಂಬ ಪಟ್ಟಿಗೆ ಸೇರಿಸುವುದು ಒಳ್ಳೆಯದು.

ಎರಡನೆಯ ಹೊರೆ ಪುಟದೊಳಗೇ ಅಡಗಿರುವ ಜಾಹೀರಾತು ಮತ್ತು ಓದುಗರ ಹೆಜ್ಜೆ ಹಿಂಬಾಲಿಸುವ ಟ್ರ್ಯಾಕರುಗಳು. 2015ರಲ್ಲಿ ಜಾರ್ಜಿಯೊಸ್ ಕೊಂಟಾಕ್ಸಿಸ್ ಮತ್ತು ಮೋನಿಕಾ ಚ್ಯೂ ಎಂಬ ಸಂಶೋಧಕರು ಜಗತ್ತಿನ 200 ಪ್ರಮುಖ ಸುದ್ದಿತಾಣಗಳಲ್ಲಿ ಫೈರ್‌ಫಾಕ್ಸಿನ ಟ್ರ್ಯಾಕರ್ ತಡೆಯನ್ನು ಪರೀಕ್ಷಿಸಿದರು. ಪುಟ ತೆರೆಯುವ ಮಧ್ಯಮ ಅವಧಿ ಶೇ 44ರಷ್ಟು, ಡೇಟಾ ಬಳಕೆ ಶೇ 39ರಷ್ಟು ಇಳಿಯಿತು. ಫೈರ್‌ಫಾಕ್ಸಿನಲ್ಲಿ 'ಪ್ರೈವಸಿ' ಭಾಗಕ್ಕೆ ಹೋಗಿ ತಡೆಯನ್ನು 'ಸ್ಟ್ರಿಕ್ಟ್' ಮಾಡಿಕೊಳ್ಳಬಹುದು. ಎಡ್ಜ್‌ನಲ್ಲಿಯೂ ಇಂಥದೇ ಆಯ್ಕೆ ಇದೆ. ಇದರಿಂದ ಯಾವುದಾದರೂ ಲಾಗಿನ್ ಅಥವಾ ಹಣ ಕಟ್ಟುವ ಪುಟ ಕೆಟ್ಟರೆ ಆ ತಾಣಕ್ಕೆ ಮಾತ್ರ ತಡೆ ತೆಗೆದರೆ ಸಾಕು.

ಕ್ಯಾಶೆಯನ್ನು ದಿನವೂ ಅಳಿಸಬಾರದು

ಒಮ್ಮೆ ತಂದ ಲಾಂಛನ, ಚಿತ್ರ, ವಿನ್ಯಾಸದ ಕಡತಗಳನ್ನು ಬ್ರೌಸರ್ ಯಂತ್ರದಲ್ಲೇ ಕೂಡಿಟ್ಟುಕೊಳ್ಳುತ್ತದೆ. ಆ ಕೂಡಿಟ್ಟ ಗಂಟೇ ಕ್ಯಾಶೆ. ಸುಗ್ಗಿಯಲ್ಲಿ ಹಗೇವಿಗೆ ತುಂಬಿದ ಜೋಳ ವರ್ಷವಿಡೀ ಸಂತೆಗೆ ಹೋಗುವುದನ್ನು ತಪ್ಪಿಸಿದಂತೆ, ಕ್ಯಾಶೆ ಪ್ರತಿ ಬಾರಿಯ ಇಳಿಕೆಯನ್ನು ತಪ್ಪಿಸುತ್ತದೆ. 'ಕ್ಲೀನ್' ಮಾಡಿದರೆ ವೇಗ ಹೆಚ್ಚುತ್ತದೆಂದು ನಂಬಿ ದಿನವೂ ಅದನ್ನು ಅಳಿಸುವವರು ಮರುದಿನ ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳಬೇಕಾಗುತ್ತದೆ. ತಾಣವೊಂದು ಹಳೆಯ ರೂಪದಲ್ಲೇ ಸಿಕ್ಕಿಹಾಕಿಕೊಂಡಾಗ ಕಂಟ್ರೋಲ್, ಶಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಪುಟವಷ್ಟೇ ಹೊಸದಾಗಿ ಬರುತ್ತದೆ.

ಊರಿನ ಸೇವಾ ಕೇಂದ್ರದಲ್ಲಿ ಒಂದೇ ಕಂಪ್ಯೂಟರಿಗೆ ಹಲವರ ಲಾಗಿನ್ ಆಗುತ್ತದೆ, ಹೀಗಾಗಿ ಗುಟ್ಟು ಕಾಯುವುದೂ ಮುಖ್ಯ. ಬಂದವರ ಲಾಗಿನ್‌ಗೆ 'ಇನ್‌ಕಾಗ್ನಿಟೊ' ಕಿಟಕಿ ಬಳಸಿ ಕೆಲಸ ಮುಗಿದ ಮೇಲೆ ಮುಚ್ಚಿದರೆ ಅವರ ಲಾಗಿನ್ ಗುರುತು ಬ್ರೌಸರಿನಲ್ಲಿ ಉಳಿಯುವುದಿಲ್ಲ. ಇಳಿಸಿಕೊಂಡ ಆಧಾರ್, ಉತಾರದ ಕಡತಗಳು ಮಾತ್ರ 'ಡೌನ್‌ಲೋಡ್ಸ್' ಫೋಲ್ಡರಿನಲ್ಲಿ ಹಾಗೇ ಇರುತ್ತವೆ, ಅವನ್ನು ಕೈಯಾರೆ ಅಳಿಸಬೇಕು.

ದಾರಿ ಹಗುರ ಮಾಡುವ ಆಯ್ಕೆಗಳು

ಡಿಎನ್‌ಎಸ್ ತಡ ಮಾಡುತ್ತಿದ್ದರೆ 2009ರಲ್ಲಿ ಗೂಗಲ್ ಆರಂಭಿಸಿದ 8.8.8.8 ಅಥವಾ 2018ರಲ್ಲಿ ಕ್ಲೌಡ್‌ಫ್ಲೇರ್ ಆರಂಭಿಸಿದ 1.1.1.1 ಬಳಸಬಹುದು. ಕ್ರೋಮಿನ 'ಸೆಕ್ಯೂರಿಟಿ' ಭಾಗದಲ್ಲಿ 'ಯೂಸ್ ಸೆಕ್ಯೂರ್ ಡಿಎನ್‌ಎಸ್' ಎಂಬಲ್ಲಿ ಇವುಗಳ ಆಯ್ಕೆ ಸಿಗುತ್ತದೆ. ಲಾಭವಾಗುವುದು ಮೊದಲ ಸುತ್ತಿನಲ್ಲಿ ಮಾತ್ರ. ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಹತ್ತಿರವಿದ್ದು ಚುರುಕಾಗಿದ್ದರೆ ಬದಲಾವಣೆಯೇ ಬೇಡ.

'ಪ್ರಿಲೋಡ್ ಪೇಜಸ್' ಆಯ್ಕೆ ಮುಂದೆ ಒತ್ತಬಹುದಾದ ಕೊಂಡಿಯನ್ನು ಊಹಿಸಿ ಆ ಪುಟವನ್ನು ಮೊದಲೇ ತಂದಿಡುತ್ತದೆ. ಊಹೆ ತಪ್ಪಿದರೆ ಡೇಟಾ ವ್ಯರ್ಥ. ಮನೆಗೆ ಫೈಬರ್ ಇದ್ದವರಿಗೆ ಇದು ಒಳ್ಳೆಯದು, ದಿನಕ್ಕೆ ಇಷ್ಟೇ ಜಿಬಿ ಎಂಬ ಮೊಬೈಲ್ ಪ್ಯಾಕಿನವರು ಇದನ್ನು ಮುಚ್ಚಿಡುವುದು ಲೇಸು.

ಸಿಗ್ನಲ್ ತೀರ ಕಡಿಮೆಯಿದ್ದಾಗ ಚಿತ್ರಗಳನ್ನು ತಡೆಯುವುದೇ ಪರಿಣಾಮಕಾರಿ. 'ಉತಾರ' ಎಂಬ ಪದದಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ನಾಲ್ಕು ಸಂಕೇತಗಳಿವೆ: ಉ, ತ, ಆಕಾರದ ದೀರ್ಘ, ರ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಒಟ್ಟು 12 ಬೈಟ್. ಎರಡು ಸಾವಿರ ಸಂಕೇತಗಳ ಒಂದು ಪುಟ ಬರಹ 6 ಕೆಬಿ. ಮೊಬೈಲಿನಲ್ಲಿ ತೆಗೆದ 3 ಎಂಬಿಯ ಒಂದು ಫೋಟೊ ಅಂಥ ಐನೂರು ಪುಟಗಳಿಗೆ ಸಮ. ಕಂಪ್ಯೂಟರಿನ ಕ್ರೋಮಿನಲ್ಲಿ 'ಸೈಟ್ ಸೆಟಿಂಗ್ಸ್' ಒಳಗೆ ಚಿತ್ರಗಳನ್ನು ಮುಚ್ಚಬಹುದು. ಮೊಬೈಲಿನಲ್ಲಿ ಒಪೆರಾ ಮಿನಿ ಚಿತ್ರಗಳ ಗುಣಮಟ್ಟ ಇಳಿಸುವ ಇಲ್ಲವೆ ಪೂರ್ತಿ ತೆಗೆಯುವ ಆಯ್ಕೆ ಕೊಡುತ್ತದೆ. ಆದರೆ ಅರ್ಜಿ ಪುಟಗಳಲ್ಲಿ ತುಂಬಬೇಕಾದ ಕ್ಯಾಪ್ಚಾ ಕೂಡ ಒಂದು ಚಿತ್ರವಾಗಿರುವುದರಿಂದ ಅಲ್ಲಿ ಚಿತ್ರಗಳನ್ನು ತೆರೆದಿಡಲೇಬೇಕು.

ಕನ್ನಡ ತಾಣಗಳಲ್ಲಿ ಅಕ್ಷರಶೈಲಿಯ ಕಡತವೂ ತಡ ಮಾಡುತ್ತದೆ. ವಿಂಡೋಸಿನಲ್ಲಿ ನಿರ್ಮಲಾ, ಆಂಡ್ರಾಯ್ಡಿನಲ್ಲಿ ನೋಟೊ ಕನ್ನಡ ಫಾಂಟುಗಳು ಮೊದಲೇ ಇವೆ. ಆದರೂ ತಾಣ ತನ್ನದೇ ಫಾಂಟನ್ನು ಕಳಿಸಿದಾಗ, ಅದು ಬರುವ ತನಕ ಅಕ್ಷರಗಳ ಜಾಗ ಕೆಲವು ಸೆಕೆಂಡ್ ಖಾಲಿ ಉಳಿಯುವುದುಂಟು. ಫೈರ್‌ಫಾಕ್ಸಿನ 'ಫಾಂಟ್ಸ್' ಭಾಗದಲ್ಲಿ, ಪುಟಗಳು ತಮ್ಮದೇ ಫಾಂಟ್ ಆರಿಸಲು ಕೊಟ್ಟ ಅನುಮತಿಯ ಗುರುತು ತೆಗೆದರೆ ಯಂತ್ರದ ಫಾಂಟಿನಲ್ಲೇ ಬರಹ ಕಾಣುತ್ತದೆ. ಯೂನಿಕೋಡ್ ಬಳಸದ ಹಳೆಯ ತಾಣಗಳು ಮಾತ್ರ ಆಗ ಓದಲಾಗದಂತೆ ಆಗುತ್ತವೆ.

ಕಾಲ ಮುಗಿದ ಸಲಹೆಗಳು

ಫೈರ್‌ಫಾಕ್ಸಿನ ಒಳ ಸೆಟಿಂಗ್ಸ್‌ನಲ್ಲಿ 'ಪೈಪ್‌ಲೈನಿಂಗ್' ಚಾಲೂ ಮಾಡಿ ಎಂಬ ಸಲಹೆ ಇಂದಿಗೂ ಓಡಾಡುತ್ತದೆ. ಒಂದು ಉತ್ತರ ಬರುವ ಮೊದಲೇ ಮುಂದಿನ ಬೇಡಿಕೆ ಕಳಿಸುವ ಆ ಏರ್ಪಾಟನ್ನು ಫೈರ್‌ಫಾಕ್ಸ್ 2017ರಲ್ಲೇ ಕೈಬಿಟ್ಟಿತು. ಅಷ್ಟರಲ್ಲಿ ಎಚ್‌ಟಿಟಿಪಿ/2 ಬಂದಿತ್ತು. ಉಪ್ಪಿಗೊಮ್ಮೆ, ಬೆಲ್ಲಕ್ಕೊಮ್ಮೆ ಗದಗಿಗೆ ಹೋಗುವ ಬದಲು ಸಂತೆಯ ಚೀಟಿ ಹಿಡಿದು ಒಂದೇ ಸಲ ಎಲ್ಲ ತಂದ ಹಾಗೆ, 2015ರ ಈ ಪದ್ಧತಿ ಒಂದೇ ಸಂಪರ್ಕದಲ್ಲಿ ಹಲವು ವಸ್ತುಗಳನ್ನು ಒಟ್ಟಿಗೆ ತರಿಸುತ್ತದೆ. 2022ರಲ್ಲಿ ಪ್ರಮಾಣಿತವಾದ ಎಚ್‌ಟಿಟಿಪಿ/3 ಸಂಪರ್ಕ ಮತ್ತು ಬೀಗದ ಸುತ್ತುಗಳನ್ನು ಒಂದಾಗಿಸಿತು. ಇವೆರಡಕ್ಕೂ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ, ಬ್ರೌಸರನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡಿದರೆ ಸಾಕು. ವೇಗಕ್ಕೂ ಸುರಕ್ಷತೆಗೂ ಇದಕ್ಕಿಂತ ಸುಲಭದ ಉಪಾಯವಿಲ್ಲ. ಅಪರಿಚಿತ 'ಸ್ಪೀಡ್ ಬೂಸ್ಟರ್' ತಂತ್ರಾಂಶಗಳನ್ನು ಹಾಕಿಕೊಳ್ಳುವುದೆಂದರೆ ಯಂತ್ರದ ಮೇಲೆ ಮತ್ತೊಂದು ಹೊರೆ ಹೇರಿದಂತೆ.

ಒಂದೊಂದಾಗಿ ಬದಲಿಸಿ ಅಳೆಯುವುದು

ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಮೊದಲಿನ ಮತ್ತು ಆಮೇಲಿನ ಹೊತ್ತನ್ನು ಎಫ್12ರಲ್ಲಿ ಮೂರು ಮೂರು ಸಲ ನೋಡಿ ಬರೆದಿಟ್ಟುಕೊಳ್ಳಬೇಕು. ಲಾಭ ಕಾಣದ ಬದಲಾವಣೆಯನ್ನು ಹಿಂದಿನಂತೆ ಮಾಡಬೇಕು. ಅಪ್‌ಡೇಟ್, ಎಕ್ಸ್‌ಟೆನ್ಷನ್, ಟ್ರ್ಯಾಕರ್ ತಡೆ, ಮೆಮೊರಿ, ಕೊನೆಗೆ ಡಿಎನ್‌ಎಸ್ ಎಂಬ ಅನುಕ್ರಮದಲ್ಲಿ ಹೋದರೆ ಹೆಚ್ಚು ಫಲ ಕೊಡುವುದು ಮೊದಲೇ ಮುಗಿಯುತ್ತದೆ.

ಬೆಳೆ ವಿಮೆಯ ಕಂತು ಕಟ್ಟುವ ಕಡೆಯ ದಿನ ಲಕ್ಷಾಂತರ ಜನ ಒಂದೇ ತಾಣಕ್ಕೆ ನುಗ್ಗಿದಾಗ ಆಗುವ ತಡಕ್ಕೆ ಇವುಗಳಲ್ಲಿ ಯಾವುದೂ ಮದ್ದಲ್ಲ. ಅಂಥ ಕೆಲಸವನ್ನು ನಾಲ್ಕಾರು ದಿನ ಮುಂಚೆ, ಬೆಳಗಿನ ಹೊತ್ತಿನಲ್ಲಿ ಮಾಡಿಕೊಳ್ಳುವುದೇ ದಾರಿ. ಉಳಿದದ್ದು ತಾಣ ಕಟ್ಟುವವರ ಹೊಣೆ: ಚಿತ್ರ ಚಿಕ್ಕದು ಮಾಡುವುದು, ಯಂತ್ರದಲ್ಲಿರುವ ಕನ್ನಡ ಫಾಂಟನ್ನೇ ಬಳಸುವುದು, ಸಿಗ್ನಲ್ ಕಡಿಮೆಯಿರುವ ಊರಿನ ಅಗ್ಗದ ಮೊಬೈಲಿನಲ್ಲಿ ತೆರೆದು ನೋಡಿದ ಮೇಲೆಯೇ ಪುಟವನ್ನು ಜನರಿಗೆ ಕೊಡುವುದು.