ಬೇಯಿಸಿದ ಮೊಟ್ಟೆ ತಣಿದರೂ ಮತ್ತೆ ದ್ರವವಾಗದೇಕೆ?

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅವನ್ನು ಬೆಸೆಯುವ ಪೆಪ್ಟೈಡ್ ಬಂಧ ಕುದಿಯುವ ನೀರಿಗೂ ಸುಲಭಕ್ಕೆ ಜಗ್ಗದು. ಆದರೆ ಸರಪಳಿ ಮಡಚಿಕೊಂಡ ಆಕಾರವನ್ನು ಕಾಯುವವು ದುರ್ಬಲ ಹೈಡ್ರೋಜನ್ ಬಂಧಗಳು ಮತ್ತು, ಅವುಗಳಷ್ಟೇ ಮುಖ್ಯವಾಗಿ, ಸುತ್ತಲಿನ ನೀರು. ನೀರಿಗೆ ಒಗ್ಗದ, ಎಣ್ಣೆಯ ಗುಣದ ಭಾಗಗಳು ಒಳಗೆ ಸೇರುತ್ತವೆ, ಒಗ್ಗುವವು ಹೊರಗುಳಿಯುತ್ತವೆ. ಮೊಟ್ಟೆಯ ಬಿಳಿಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮಡಿಕೆಗಳು ಬಿಚ್ಚತೊಡಗುತ್ತವೆ. ಒಳಗಿನ ಭಾಗಗಳು ಹೊರಬಂದು ಪಕ್ಕದ ಸರಪಳಿಗಳೊಂದಿಗೆ ತೊಡಕಿಕೊಳ್ಳುತ್ತವೆ, ಗಂಧಕದ ಬಲವಾದ ಬಂಧಗಳೂ ಹುಟ್ಟುತ್ತವೆ. ಆ ತೊಡಕು ತಣಿದರೂ ಬಿಡದು.

ಆಕಾರ ಕೆಟ್ಟರೆ ಕೆಲಸವೂ ಕೆಡುತ್ತದೆ. ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ, ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಸಂಸ್ಥೆ ಆಕ್ಟ್ರೆಕ್‌ನಲ್ಲಿ ಪ್ರೋಟೀನುಗಳ ರಚನೆಯನ್ನು ಅಧ್ಯಯನ ಮಾಡುವುದು ಇದಕ್ಕಾಗಿಯೇ. ಉದಾಹರಣೆಗೆ, ಬಿಆರ್‌ಸಿಎ1 ಎಂಬ ಪ್ರೋಟೀನಿನ ಕೆಲವು ಜಾಗಗಳಲ್ಲಿ ಒಂದೇ ಅಮೈನೋ ಆಮ್ಲ ಬದಲಾದರೂ ಮಡಿಕೆ ಸಡಿಲಗೊಂಡು ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.