ತೋಟದ ಮನೆಗೊಂದು ರಿವಾಲ್ವರ್: ನಂಬಿಕೆ ಎಷ್ಟು, ನಿಜ ಎಷ್ಟು?

ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ಊರು ಬಿಟ್ಟು ತೋಟದಲ್ಲೇ ಮನೆ ಕಟ್ಟಿಕೊಂಡವರು ಈಗ ಬಹಳ. ಸುತ್ತ ಕಬ್ಬು, ಹಿಂದೆ ನಾಲೆ, ಪಕ್ಕದ ಮನೆಗೆ ಕೂಗಿದರೂ ಕೇಳಿಸದು. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿದೆ ಎಂಬ ಸುದ್ದಿ ಕಟಾವಿನ ಕಾಲಕ್ಕೆ ಬಂದೇ ಬರುತ್ತದೆ. ಪಂಪ್‌ಸೆಟ್ಟಿನ ಕೇಬಲ್ ಕುಯ್ದುಕೊಂಡು ಹೋದ ಸುದ್ದಿಗಂತೂ ಕಾಲವೇ ಇಲ್ಲ. ಒಂಟಿ ಮನೆಗೆ ನುಗ್ಗಿ ಹೆಂಗಸರ ಸರ ಕಿತ್ತುಕೊಂಡರು ಎಂದು ಪತ್ರಿಕೆಯಲ್ಲಿ ಬಂದರೆ ಮಾರನೆಯ ದಿನ ಟೀ ಅಂಗಡಿಯಲ್ಲಿ ಒಬ್ಬರಾದರೂ ಹೇಳುತ್ತಾರೆ: “ಒಂದ್ ಗನ್ ಮಡಿಕ್ಕಬೇಕು ಕಣಣ್ಣ.”

ಆ ಭಯ ಸುಳ್ಳಲ್ಲ. ಆದರೆ ಗನ್ನಿನ ಬಗ್ಗೆ ಆ ಟೀ ಅಂಗಡಿಯಲ್ಲಿ ಹೊರಡುವ ಮಾತುಗಳಲ್ಲಿ ಮುಕ್ಕಾಲು ಪಾಲು ಸುಳ್ಳು. “ಯಾವ ಪಿಸ್ತೂಲು ಒಳ್ಳೇದು?” ಎಂದು ಕೇಳುವವರಿಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಯಾವುದೂ ಬೇಡ.

“ದುಡ್ಡು ನಮ್ಮದು, ಪ್ರಾಣ ನಮ್ಮದು, ಗನ್ ಇಟ್ಟುಕೊಳ್ಳೋದು ನಮ್ಮ ಹಕ್ಕು”

ಇದು ಸಿನಿಮಾದಿಂದ ಬಂದ ನಂಬಿಕೆ. ಅಮೆರಿಕದಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು, ನಮ್ಮಲ್ಲಿ ಅಲ್ಲ. 2023ರ ಫೆಬ್ರುವರಿಯಲ್ಲಿ ಲೈಸೆನ್ಸ್ ಇಲ್ಲದ ಆಯುಧಗಳ ಹಾವಳಿಯ ಬಗ್ಗೆ ವಿಚಾರಣೆ ನಡೆಸುವಾಗ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನೇ ಎತ್ತಿ ಹೇಳಿತು.

1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ಮುಟ್ಟುವುದಕ್ಕೆ ಮೊದಲು ಲೈಸೆನ್ಸ್ ಬೇಕು. ನಮ್ಮ ಜಿಲ್ಲೆಯಲ್ಲಿ ಅದನ್ನು ಕೊಡುವವರು ಮಂಡ್ಯದ ಡಿ.ಸಿ. ಅರ್ಜಿ ಹೋದ ಮೇಲೆ ನಿಮ್ಮ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. 21 ವರ್ಷ ತುಂಬಿರಬೇಕು, ಆಯುಧ ಬಳಸುವ ತರಬೇತಿ ಆಗಿರಬೇಕು, ಅದನ್ನು ಭದ್ರವಾಗಿ ಇಡುವ ಬಗ್ಗೆ ಬರೆದುಕೊಡಬೇಕು. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ರಕ್ಷಣೆಗೆಂದು ಕೇಳಿದವರಿಗೆ ಕಾಯ್ದೆ ಸುಲಭವಾಗಿ ತೋರಿಸುವ ದಾರಿ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಸಾದಾ ಬಂದೂಕಿನದು; ಬೆಳೆ ಕಾಯಲು ಕೇಳಿದವರಿಗೆ ಮದ್ದು ತುಂಬುವ ನಾಡ ಬಂದೂಕಿನದು. ಜೇಬಿನಲ್ಲಿ ಕೂರುವ ಪಿಸ್ತೂಲು, ರಿವಾಲ್ವರಿಗೆ ಬೇರೆಯೇ “ತಕ್ಕ ಕಾರಣ” ತೋರಿಸಬೇಕು. “ತೋಟದಲ್ಲಿ ಒಬ್ಬನೇ ಇರ್ತೀನಿ” ಎಂಬುದಷ್ಟೇ ಸಾಲದು. ಕಾರಣ ಸಾಲದು ಎಂದು ಅರ್ಜಿ ತಿರಸ್ಕರಿಸಿದರೆ ಮೇಲ್ಮನವಿ ಹಾಕಿಕೊಳ್ಳಬಹುದು, ಅಷ್ಟೇ.

“ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗ್ಯಾಕೆ?” ಎಂಬ ಮಾತೂ ಜೊತೆಗೇ ಬರುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಆ ಜನಕ್ಕೆ, ಆ ಹಿಡುವಳಿಗೆ ಸೇರಿದ್ದು. ಕೊಡಗಿನಲ್ಲಿ ಎಸ್ಟೇಟ್ ಕೊಂಡ ಮಂಡ್ಯದ ಗೌಡರಿಗೆ ಅದು ಬರುವುದಿಲ್ಲ.

“ಒಳ್ಳೆಯ 9 ಎಂಎಂ ತಗೊಂಡರೆ ಚಿಂತೆಯಿಲ್ಲ”

9 ಎಂಎಂ ಸೇನೆ, ಪೊಲೀಸರ ಬೋರು (ನಳಿಗೆಯ ಅಳತೆ). ಸಾಮಾನ್ಯರಿಗೆ ಅದು ನಿಷಿದ್ಧ. ನಮಗೆ ಕೈಗೆಟುಕುವ ಸಣ್ಣ ಆಯುಧ ಮುಖ್ಯವಾಗಿ ಪಾಯಿಂಟ್ 32 ಬೋರಿನದು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ “ನಿರ್ಭೀಕ್” ಎಂಬ ಹಗುರ ರಿವಾಲ್ವರ್ ಬಿಟ್ಟಾಗ ಅದರ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ದಾಟಿತ್ತು. ತೂಕ ಅರ್ಧ ಕೆ.ಜಿ. ಆಗ ಸುದ್ದಿಯೇನೋ ಬಹಳ ಆಯಿತು. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತ ಹೆಣ್ಣುಮಗಳ ಹತ್ತಿರ ಲಕ್ಷ ರೂಪಾಯಿ ಎಲ್ಲಿಂದ ಬರಬೇಕು ಎಂದು ಕೇಳಿದವರು ಕಡಿಮೆ.

ರಿವಾಲ್ವರ್ ಮೇಲೋ ಪಿಸ್ತೂಲು ಮೇಲೋ ಎಂಬ ಚರ್ಚೆಗಿಂತ ಎರಡರ ಅಪಾಯಗಳು ಬೇರೆ ಬೇರೆ ಎಂದು ತಿಳಿದಿರುವುದು ಮುಖ್ಯ. ರಿವಾಲ್ವರಿನಲ್ಲಿ ಗುಂಡು ಇರುವುದು ಉರುಟು ಸಿಲಿಂಡರಿನ ಮನೆಗಳಲ್ಲಿ. ಅದನ್ನು ಹೊರಳಿಸಿ ನೋಡಿದರೆ ಕಾಣುತ್ತದೆ. ಬಹುತೇಕ ರಿವಾಲ್ವರುಗಳಿಗೆ ಬೆರಳಿನಿಂದ ಹಾಕುವ ಸೇಫ್ಟಿ ಇರುವುದಿಲ್ಲ. ಕುದುರೆಯನ್ನು ಗಟ್ಟಿಯಾಗಿ ಎಳೆದರೆ ಹಾರಿತು. ಪಿಸ್ತೂಲಿನ ಮೋಸ ಬೇರೆ. ಹಿಡಿಯೊಳಗಿನ ಮ್ಯಾಗಜಿನ್ ಕಳಚಿ ಮೇಜಿನ ಮೇಲಿಟ್ಟು “ಖಾಲಿ” ಎಂದುಕೊಂಡವರು ಜಗತ್ತಿನಾದ್ಯಂತ ಜನರನ್ನು ಕೊಂದಿದ್ದಾರೆ. ಮ್ಯಾಗಜಿನ್ ಹೊರಬಂದರೂ ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ತೋಟಾ ಉಳಿದಿರಬಹುದು. ಸ್ಲೈಡ್ ಹಿಂದಕ್ಕೆಳೆದು, ಬೆಳಕಿಗೆ ಹಿಡಿದು, ಒಳಗೆ ಕಣ್ಣಿಟ್ಟು ನೋಡುವವರೆಗೆ ಯಾವ ಪಿಸ್ತೂಲೂ ಖಾಲಿಯಲ್ಲ.

ಇಷ್ಟೆಲ್ಲ ತಾಪತ್ರಯ ಬೇಡವೆಂದು ಎಲ್ಲಿಂದಲೋ ನಾಡ ಪಿಸ್ತೂಲು ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡಿದ್ದಕ್ಕೇ 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಜೈಲು. ಅದರ ಮೇಲೆ ಅದು ಹೊಡೆದವನ ಕೈಯಲ್ಲೇ ಸಿಡಿಯಲೂಬಹುದು.

“ಮನೆಯಲ್ಲೊಂದು ಗನ್ ಇದ್ದರೆ ಮನೆಮಂದಿಗೆ ಧೈರ್ಯ”

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇದೇ. 2025ರ ಫೆಬ್ರುವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ ಇಟ್ಟಿದ್ದ ಬಂದೂಕು ಹದಿಹರೆಯದ ಹುಡುಗನೊಬ್ಬನ ಕೈಗೆ ಸಿಕ್ಕಿತು. ಅವನು ಅದನ್ನು ಹಿಡಿದು ಆಡುತ್ತಿದ್ದಾಗ ಗುಂಡು ಹಾರಿತು. ಕೂಲಿಗೆಂದು ಪಶ್ಚಿಮ ಬಂಗಾಳದಿಂದ ಬಂದಿದ್ದ ಕುಟುಂಬದ ಪುಟ್ಟ ಮಗು ಸತ್ತಿತು, ತಾಯಿಗೆ ಗಾಯವಾಯಿತು. ಅಲ್ಲಿಗೆ ಕಳ್ಳ ಬಂದಿರಲಿಲ್ಲ, ಚಿರತೆಯೂ ಬಂದಿರಲಿಲ್ಲ.

ಗನ್ ಕೊಳ್ಳುವವನ ಕಣ್ಣ ಮುಂದೆ ಇರುವುದು ಕಳ್ಳ ಬಾಗಿಲು ಒಡೆಯುವ ಒಂದು ರಾತ್ರಿ. ಆ ರಾತ್ರಿ ಬಾರದೆಯೂ ಹೋಗಬಹುದು. ಆದರೆ ಉಳಿದ ಎಲ್ಲ ಹಗಲು, ಎಲ್ಲ ರಾತ್ರಿ ಗನ್ ಮನೆಯಲ್ಲೇ ಇರುತ್ತದೆ. ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬಂದಾಗ, ಹಬ್ಬದಲ್ಲಿ ಭಾವಮೈದ ಕುಡಿದು ಕೂಗಾಡುವಾಗ, ಜಮೀನು ಪಾಲಾಗುವ ದಿನ ಅಣ್ಣತಮ್ಮಂದಿರು ಎದುರುಬದುರು ನಿಂತಾಗ, ಸಾಲದವರು ಬಂದುಹೋದ ಸಂಜೆ. ಬದುವಿನ ಜಗಳಕ್ಕೆ ಮಚ್ಚು ಎತ್ತುವವರು ನಮ್ಮಲ್ಲಿ ಇದ್ದಾರೆ. ಮಚ್ಚಿಗಾದರೆ ನಾಲ್ಕು ಜನ ಓಡಿಬಂದು ಅಡ್ಡ ನಿಲ್ಲಬಹುದು, ಗುಂಡಿಗೆ ನಿಲ್ಲಲಾಗದು.

ಸಾಲದವರ ಮಾತನ್ನು ಸುಮ್ಮನೆ ಎತ್ತಲಿಲ್ಲ. 2015ರಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳನ್ನು ಸಾಲಾಗಿ ಕಂಡ ಜಿಲ್ಲೆ ನಮ್ಮದು. ಕ್ಯಾಲಿಫೋರ್ನಿಯಾದ ಎರಡು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಹನ್ನೆರಡು ವರ್ಷ ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅದರ ಪ್ರಕಾರ ಕೈಬಂದೂಕು ಇಟ್ಟುಕೊಂಡ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ, ಇಲ್ಲದವರಿಗಿಂತ ಸುಮಾರು 8 ಪಟ್ಟು ಹೆಚ್ಚು. ಹೆಂಗಸರಲ್ಲಿ 35 ಪಟ್ಟು. ಎರಡು ವರ್ಷದ ನಂತರ ಬಂದ ಇನ್ನೊಂದು ಅಧ್ಯಯನ ಗನ್ ಇಟ್ಟುಕೊಂಡವರ ಜೊತೆ ಬಾಳುವವರನ್ನು ನೋಡಿತು. ಅವರು ಕೊಲೆಯಾಗುವ ಪ್ರಮಾಣ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಅಮೆರಿಕದ ಲೆಕ್ಕ ನಮ್ಮ ಊರಿಗೆ ಹಾಗೆಯೇ ಹೊಂದುವುದಿಲ್ಲ, ನಿಜ. ಆದರೆ ಮನಸ್ಸು ಕುಸಿದ ಗಳಿಗೆ ಎಲ್ಲ ಊರಿನಲ್ಲೂ ಬರುತ್ತದೆ. ಬೇರೆ ದಾರಿಯಲ್ಲಾದರೆ ಆ ಗಳಿಗೆ ದಾಟಿಹೋಗಲು, ಯಾರಾದರೂ ಬಂದು ಉಳಿಸಲು ಅವಕಾಶವಿರುತ್ತದೆ. ಗನ್ ಆ ಅವಕಾಶ ಕೊಡುವುದಿಲ್ಲ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಕುಡಿತ ಹೆಚ್ಚಿದ್ದರೆ ಗನ್ನಿನ ಅರ್ಜಿಯನ್ನೇ ಹಾಕಬೇಡಿ. ಈಗಾಗಲೇ ಇದ್ದರೆ ಹೊರಗೆ ಸಾಗಿಸಿ. ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

“ಬೀಗ ಹಾಕಿಟ್ಟರಾಯಿತಲ್ಲ?” ಎನ್ನುತ್ತಾರೆ. ಹಾಕಲೇಬೇಕು. ಗನ್ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಆದರೆ ಹಾಗಿಟ್ಟ ಗನ್ ಕಳ್ಳ ಬಂದಾಗ ಕೈಗೆ ಬರುವುದು ಹೇಗೆ? ರಾತ್ರಿ ಎರಡು ಗಂಟೆ, ಕರೆಂಟಿಲ್ಲ, ನಾಯಿ ಬೊಗಳುತ್ತಿದೆ. ಬೀರುವಿನ ಕೀ ಹೆಂಡತಿಯ ತಲೆದಿಂಬಿನಡಿ, ತೋಟಾ ದೇವರ ಮನೆಯ ಮೇಲಿನ ಪೆಟ್ಟಿಗೆಯಲ್ಲಿ. ಅಷ್ಟನ್ನೂ ಕೂಡಿಸುವ ಹೊತ್ತಿಗೆ ಬಂದವನು ಒಳಗಿರುತ್ತಾನೆ ಇಲ್ಲವೇ ಓಡಿರುತ್ತಾನೆ. ಕೈಗೆ ಸಿಗುವಂತಿಟ್ಟರೆ ಮಕ್ಕಳಿಗೂ ಸಿಗುತ್ತದೆ. ಮಕ್ಕಳಿಗೆ ಸಿಗದಂತಿಟ್ಟರೆ ನಿಮಗೂ ಸಿಗುವುದಿಲ್ಲ. ಈ ಗಂಟನ್ನು ಯಾವ ಕಂಪನಿಯ ಪಿಸ್ತೂಲೂ ಬಿಡಿಸಿಲ್ಲ.

ಶ್ರೀರಂಗಪಟ್ಟಣಕ್ಕೆ ಹೋದಾಗ ಟಿಪ್ಪು ಕಾಲದ ಮದ್ದಿನ ಮನೆಗಳನ್ನು ನೋಡಿ. ಮದ್ದಿಗೆಂದೇ ದಪ್ಪ ಗೋಡೆಯ ಬೇರೆ ಕಟ್ಟಡ ಕಟ್ಟಿಸಿದ್ದರು ಆಳುವವರು. ನಾವು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಡುತ್ತೇವೆ.

ಬೀಗವೇ ಹಾಕದೆ ಸೊಂಟದಲ್ಲೇ ಇಟ್ಟುಕೊಂಡರೂ ಸಮಯ ಸಿಗುವ ಖಾತ್ರಿಯಿಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆ ಬಾಗಿಲಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆಯ ಗೇಟಿನ ಹತ್ತಿರ ಗುಂಡಿಗೆ ಬಲಿಯಾದರು. ಹೊಂಚುಹಾಕಿ ಬಂದವನಿಗೆ ಮೊದಲ ಗುಂಡಿನ ಅನುಕೂಲ ಯಾವಾಗಲೂ ಇರುತ್ತದೆ.

“ನಮ್ಮ ಜಮೀನಿಗೆ ಬಂದವನನ್ನು ಹೊಡೆದರೆ ಕೇಸಿಲ್ಲ”

ಕೇಸ್ ಇದ್ದೇ ಇದೆ. ಆತ್ಮರಕ್ಷಣೆ ಆಗಿತ್ತೋ ಇಲ್ಲವೋ ಎಂಬುದು ಆಮೇಲೆ ಕೋರ್ಟು ನೋಡುವ ವಿಚಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದಕ್ಕೇ ಮೀಸಲು. ಪೊಲೀಸರನ್ನು ಕರೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕು ಇಲ್ಲ. ರಕ್ಷಿಸಿಕೊಳ್ಳಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಎದುರಿನವನ ಪ್ರಾಣ ತೆಗೆಯುವವರೆಗೆ ಹೋಗಬಹುದಾದ ಸಂದರ್ಭಗಳು ಎಣಿಸಿ ಬರೆದಷ್ಟೇ: ಸಾವಿನ ಅಥವಾ ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ, ದರೋಡೆ, ರಾತ್ರಿ ಮನೆಗೆ ಕನ್ನ ಹಾಕುವುದು, ಹೀಗೆ.

ಕೇಬಲ್ ಕಳ್ಳನ ಉದಾಹರಣೆ ತೆಗೆದುಕೊಳ್ಳಿ. ಬೋರ್‌ವೆಲ್ ಹತ್ತಿರ ಒಬ್ಬ ಕೇಬಲ್ ಕುಯ್ಯುತ್ತಿದ್ದಾನೆ, ಟಾರ್ಚ್ ಬಿಟ್ಟ ತಕ್ಷಣ ಓಡುತ್ತಾನೆ. ಅವನನ್ನು ಬೆನ್ನಟ್ಟಿ ಹಿಡಿಯಬಹುದು. ಬೆನ್ನಿಗೆ ಗುಂಡು ಹೊಡೆದು ಅವನು ಸತ್ತರೆ ನೀವು ಕೊಲೆ ಆರೋಪಿ. ಕೆಲವು ಸಾವಿರ ರೂಪಾಯಿಯ ತಾಮ್ರಕ್ಕೆ ವರ್ಷಗಟ್ಟಲೆ ಕೋರ್ಟ್ ಅಲೆದಾಟ. ಸುಮ್ಮನೆ ಹೆದರಿಸಲು ಗನ್ ತೋರಿಸಿದರೂ ಬೆದರಿಕೆಯ ಕೇಸು ಬೀಳಬಹುದು, ಲೈಸೆನ್ಸೂ ಹೋಗಬಹುದು. ಮದುವೆಯಲ್ಲೋ ಜಾತ್ರೆಯಲ್ಲೋ ಖುಷಿಗೆ ಗಾಳಿಯಲ್ಲಿ ಹಾರಿಸುವವರಿಗೆ 2019ರ ತಿದ್ದುಪಡಿಯ ನಂತರ 2 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೇಲೆ ಹೋದ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕು.

“ಚಿರತೆಗಾದರೂ ಬೇಕಲ್ಲ”

ಪಾಯಿಂಟ್ 32 ಗುಂಡು ಬಿದ್ದ ಚಿರತೆ ಅಲ್ಲೇ ಸಾಯುತ್ತದೆಂಬ ಭರವಸೆ ಇಲ್ಲ. ಗಾಯಗೊಂಡು ಕಬ್ಬಿನೊಳಗೆ ಸೇರಿಕೊಂಡರೆ ಬೆಳಿಗ್ಗೆ ಕಟಾವಿಗೆ ಇಳಿಯುವ ಆಳುಗಳ ಗತಿಯೇನು? ಚಿರತೆ, ನವಿಲು ಎರಡೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಕುರಿ ಹಿಡಿಯಿತೆಂದು ಹುಡುಕಿಕೊಂಡು ಹೋಗಿ ಹೊಡೆದದ್ದಕ್ಕೆ ಆ ರಕ್ಷಣೆ ಇಲ್ಲ. 2022ರ ಕೊನೆಯಲ್ಲಿ ಕೆ.ಆರ್.ಎಸ್.ನ ಬೃಂದಾವನ ಉದ್ಯಾನದಲ್ಲಿ ಚಿರತೆ ಕಾಣಿಸಿಕೊಂಡಾಗ ಅಧಿಕಾರಿಗಳು ಮಾಡಿದ್ದು ಇಷ್ಟೇ: ಉದ್ಯಾನದ ಬಾಗಿಲು ಮುಚ್ಚಿ ಬೋನು ಇಟ್ಟರು. ತೋಟದ ಮನೆಗೆ ಕೊಟ್ಟಿಗೆಯ ಬಾಗಿಲು, ಅಂಗಳದ ದೀಪ, ಅರಣ್ಯ ಇಲಾಖೆಯ 1926 ಸಂಖ್ಯೆ, ಇವು ರಿವಾಲ್ವರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಕಳ್ಳರಿಗೂ ಹಾಗೆಯೇ: ಗಟ್ಟಿ ಬಾಗಿಲು, ನಾಯಿ, ಕ್ಯಾಮೆರಾ, ಅಕ್ಕಪಕ್ಕದ ತೋಟದವರ ಫೋನ್ ನಂಬರು, 112.

“ಅಜ್ಜನ ಬಂದೂಕು, ಹಾಗಾಗಿ ನಮ್ಮದೇ”

ನಮ್ಮ ಕಡೆ ಇದೇ ಹೆಚ್ಚು. ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ಇತ್ತು, ಅಜ್ಜ ತೀರಿಕೊಂಡರು, ಜೋಡಿ ನಳಿಗೆ ಅಟ್ಟದ ಮೇಲಿದೆ, ಆಯುಧಪೂಜೆಗೆ ಇಳಿಸಿ ಕುಂಕುಮ ಇಡುತ್ತಾರೆ. ಜಮೀನಿನಂತೆ ಬಂದೂಕು ತಾನಾಗಿ ವಾರಸುದಾರರಿಗೆ ಬರುವುದಿಲ್ಲ. ಲೈಸೆನ್ಸ್ ಸತ್ತವರ ಜೊತೆಗೇ ಮುಗಿಯಿತು, ಅಂದಿನಿಂದ ಅದು ಅಕ್ರಮ ಆಯುಧ. ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಲೈಸೆನ್ಸ್‌ದಾರರು ಬದುಕಿರುವಾಗಲೇ, ಅವರಿಗೆ 70 ವರ್ಷವಾದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದಿದ್ದರೆ, ಮಕ್ಕಳ ಹೆಸರಿಗೆ ಕೇಳಲು 2016ರ ನಿಯಮಗಳಲ್ಲಿ ದಾರಿಯಿದೆ. ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ, ಹೊಸ ಲೈಸೆನ್ಸ್ ಸಿಗುವವರೆಗೆ ಬಂದೂಕು ಠಾಣೆಯಲ್ಲೋ ಅಧಿಕೃತ ಮಾರಾಟಗಾರರ ಬಳಿಯೋ ಇರಬೇಕು.

ನಿಮ್ಮ ಅಟ್ಟದಲ್ಲೂ ಅಂಥದ್ದೊಂದಿದ್ದರೆ ಮಕ್ಕಳ ಕೈಗೆ ಸಿಗುವ ಮುಂಚೆ ಠಾಣೆಗೆ ಫೋನ್ ಮಾಡಿ, ಅವರು ಹೇಳಿದಂತೆ ತಂದು ಒಪ್ಪಿಸಿ, ರಸೀತಿ ಪಡೆದುಕೊಳ್ಳಿ. ಒಳಗೆ ಮದ್ದು ತುಂಬಿದೆಯೋ ಎಂದು ನೋಡಲು ನೀವೇ ಕೈಹಾಕಬೇಡಿ.