ಎಲೆಗಳ ಕಟ್ಟಿನೊಳಗೊಂದು ಲೋಕ

ಇಳಕಲ್ಲಿನ ಸೀರೆಯನ್ನು ಕಾಣದವರು ಕನ್ನಡ ನಾಡಿನಲ್ಲಿ ವಿರಳ. ಆದರೆ ಅದನ್ನು ನೇಯುವ ಮಗ್ಗದ ಮುಂದೆ ಕೆಲ ಹೊತ್ತು ನಿಂತು, ನೇಕಾರನ ಕೈಚಳಕದ ಹಿಂದಿರುವ ಲೆಕ್ಕಾಚಾರವನ್ನು ಗಮನಿಸಿದವರು ಎಷ್ಟು ಮಂದಿ? ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಸೀರೆ ಒಂದಾಗುವುದು. ದಡಿಯಲ್ಲಿ ಚಿಕ್ಕಿ, ಗೋಮಿ, ಜರಿ, ಗಾಡಿ, ಗಾಯತ್ರಿ ಎಂಬ ಬಗೆಗಳುಂಟು. ಒಡಲು ಬರಿಯ ಬಣ್ಣದ್ದಾಗಿರಬಹುದು, ಪಟ್ಟೆಯದಾಗಿರಬಹುದು, ಇಲ್ಲವೆ ಚೌಕಳಿಯದಾಗಿರಬಹುದು. ಬಣ್ಣಗಳು ಹತ್ತು ಎಂದಿಟ್ಟುಕೊಳ್ಳೋಣ. ಐದು ದಡಿ, ಮೂರು ಒಡಲು, ಹತ್ತು ಬಣ್ಣ: ನೇಕಾರನು ನೆನಪಿನಲ್ಲಿಡಬೇಕಾದ ಅಂಶಗಳು ೧೮ ಮಾತ್ರ, ಆದರೆ ಅವುಗಳಿಂದ ಹುಟ್ಟಬಹುದಾದ ಸೀರೆಗಳು ೫ × ೩ × ೧೦, ಅಂದರೆ ೧೫೦. ನೆನಪು ಕೂಡಿಕೆಯ ದಾರಿಯಲ್ಲಿ ನಡೆದರೆ, ವೈವಿಧ್ಯ ಗುಣಾಕಾರದ ದಾರಿಯಲ್ಲಿ ಓಡುತ್ತದೆ.

ಈ ಸಣ್ಣ ಗಣಿತವೇ ಇಂದಿನ ಒಂದು ಬಗೆಯ ಗಣಕಯಂತ್ರದ ಆಟಗಳ ಜೀವಾಳವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಈ ಆಟಗಳಲ್ಲಿ ಆಟಗಾರನು ಒಬ್ಬ ನಾಯಕನನ್ನು ತನ್ನ ಇಚ್ಛೆಯಂತೆ ರೂಪಿಸಿಕೊಳ್ಳುತ್ತಾನೆ. ವಿಶಾಲವಾದ ಒಂದು ಕಲ್ಪಿತ ನಾಡಿನಲ್ಲಿ ಮನಬಂದೆಡೆ ಸಂಚರಿಸುತ್ತಾನೆ. ಎದುರಾದ ವೈರಿಗಳೊಡನೆ ಇಸ್ಪೀಟಿನಂತಹ ಎಲೆಗಳಿಂದ ಹೋರಾಡುತ್ತಾನೆ. ಆ ಎಲೆಗಳ ಕಟ್ಟನ್ನು ಅವನಿಗೆ ಯಾರೂ ಸಿದ್ಧಪಡಿಸಿ ಕೊಡುವುದಿಲ್ಲ. ದಾರಿಯುದ್ದಕ್ಕೂ ಗಳಿಸಿ, ಆರಿಸಿ, ತಾನೇ ಕಟ್ಟಿಕೊಳ್ಳಬೇಕು. ಇವುಗಳನ್ನು ಡೆಕ್‌ಬಿಲ್ಡಿಂಗ್ ಆಟಗಳೆಂದು ಕರೆಯುತ್ತಾರೆ. ಆಟವೆಂದರೆ ಕಾಲಹರಣವೆಂದು ಹಿರಿಯರು ಮೂಗು ಮುರಿಯುವುದುಂಟು. ಆ ವಾದಕ್ಕೆ ಇಳಿಯುವ ಮೊದಲು ಈ ಆಟಗಳ ಒಳಗೆ ಏನಿದೆಯೆಂಬುದನ್ನು ನೋಡೋಣ.

ಬಾದಾಮಿಯ ಅವತಾರಗಳು, ಗಂಜೀಫದ ಎಲೆಗಳು

ಎಲೆಯಾಟ ನಮಗೆ ಹೊಸತಲ್ಲ. ಬಾದಾಮಿಯ ಮೂರನೆಯ ಗುಹೆಯನ್ನು ಹೊಕ್ಕವರು ಅಲ್ಲಿಯ ವರಾಹನನ್ನೂ ನರಸಿಂಹನನ್ನೂ ತ್ರಿವಿಕ್ರಮನನ್ನೂ ಕಂಡು ಬೆರಗಾಗದೆ ಇರಲಾರರು. ಕ್ರಿ. ಶ. ೫೭೮ರಲ್ಲಿ ಚಾಲುಕ್ಯರ ಮಂಗಲೇಶನು ಕೊರೆಯಿಸಿದ ಗುಹೆ ಅದು. ಶತಮಾನಗಳ ಬಳಿಕ ಇದೇ ಅವತಾರಗಳು ಅಂಗೈಯಗಲದ ದುಂಡು ಎಲೆಗಳ ಮೇಲೆ ಚಿತ್ರಗಳಾಗಿ ಇಳಿದುವು. ಅದೇ ದಶಾವತಾರ ಗಂಜೀಫ. ಗಂಜೀಫವು ಮೊಗಲರ ಕಾಲದಲ್ಲಿ ನಮ್ಮ ದೇಶದಲ್ಲಿ ಪ್ರಚಾರಕ್ಕೆ ಬಂದ ಆಟ. ಬಾಬರನು ೧೫೨೭ರಲ್ಲಿ ಸಿಂಧದ ಮಿತ್ರನೊಬ್ಬನಿಗೆ ಈ ಎಲೆಗಳನ್ನು ಕಳುಹಿಸಿಕೊಟ್ಟುದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲರ ಕಟ್ಟಿನಲ್ಲಿ ಎಂಟು ಬಗೆಗಳು, ೯೬ ಎಲೆಗಳು. ದಶಾವತಾರದ ಕಟ್ಟಿನಲ್ಲಿ ಹತ್ತು ಬಗೆಗಳು, ಒಂದೊಂದು ಬಗೆಗೆ ರಾಜ, ಮಂತ್ರಿ ಹಾಗೂ ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು ೧೨೦.

ಈ ಆಟದ ಒಂದು ನಿಯಮ ವಿಚಾರಯೋಗ್ಯವಾಗಿದೆ. ಅರ್ಧದಷ್ಟು ಬಗೆಗಳಲ್ಲಿ ಹತ್ತರ ಎಲೆಯು ಒಂದರ ಎಲೆಗಿಂತ ಮೇಲು. ಉಳಿದರ್ಧದಲ್ಲಿ ಒಂದರ ಎಲೆಯೇ ಹತ್ತಕ್ಕಿಂತ ಮೇಲು! ಅಂದಮೇಲೆ ಎಲೆಯ ಬಲವು ಅದರ ಮೇಲೆ ಬರೆದ ಅಂಕೆಯಲ್ಲಿಲ್ಲ. ಅದು ಯಾವ ನಿಯಮದ ಆಸರೆಯಲ್ಲಿ, ಯಾವ ಎಲೆಗಳ ಜೊತೆಯಲ್ಲಿ ಇದೆಯೆಂಬುದರಲ್ಲಿದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಈ ಕಲೆಯನ್ನು ಇನ್ನೂ ಮುಂದಕ್ಕೆ ಕೊಂಡೊಯ್ದರು. 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಎಂಬ ಭಾಗದಲ್ಲಿ 'ಛದ' ಎಂದು ಕರೆದ ಹಲವು ಎಲೆಯಾಟಗಳ ವಿವರಗಳಿವೆ. ಚಾಮುಂಡೇಶ್ವರಿ ಛದವೊಂದರಲ್ಲೇ ೩೨೦ ಎಲೆಗಳು. ಬಗೆಗಳನ್ನು ಹೆಚ್ಚಿಸಿ, ದೇವತೆಗಳನ್ನೂ ಗ್ರಹಗಳನ್ನೂ ಎಲೆಗಳಿಗೆ ಆರೋಪಿಸಿ, ಒಂದೊಂದು ಆಟಕ್ಕೂ ಒಂದೊಂದು ಲೋಕವನ್ನೇ ಕಲ್ಪಿಸಿದ ಸಾಹಸವದು. ಆದರೂ ಒಂದು ಮಾತು ಗಮನಾರ್ಹ: ಕಟ್ಟು ಎಷ್ಟೇ ದೊಡ್ಡದಾಗಿದ್ದರೂ ಅದು ಎಲ್ಲ ಆಟಗಾರರಿಗೂ ಸಾಮಾನ್ಯವಾದುದು, ಮೊದಲೇ ನಿಶ್ಚಿತವಾದುದು.

ಕಟ್ಟನ್ನು ಕಟ್ಟುವ ಆಟ

ಈ ಕಟ್ಟುಪಾಡನ್ನು ಸಡಿಲಿಸಿದವನು ಅಮೆರಿಕದ ರಿಚರ್ಡ್ ಗಾರ್ಫೀಲ್ಡ್. ಸಂಯೋಜನೆಗಳ ಗಣಿತದಲ್ಲಿ ಡಾಕ್ಟರ್ ಪದವಿ ಪಡೆದ ಈತನು ೧೯೯೩ರಲ್ಲಿ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟವನ್ನು ಹೊರತಂದನು. ಇದರಲ್ಲಿ ಆಟಗಾರರಿಬ್ಬರೂ ತಮ್ಮ ತಮ್ಮ ಕಟ್ಟನ್ನು ತಾವೇ ಆರಿಸಿ ತರುತ್ತಾರೆ. ೨೦೦೮ರಲ್ಲಿ ಡೊನಾಲ್ಡ್ ವ್ಯಾಕರಿನೊ ರಚಿಸಿದ 'ಡೊಮಿನಿಯನ್' ಆಟವು ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಕಟ್ಟನ್ನು ಕಟ್ಟುವುದೇ ಆಟ. ಪ್ರತಿಯೊಬ್ಬನೂ ಹತ್ತು ಸಾಮಾನ್ಯ ಎಲೆಗಳಿಂದ ತೊಡಗಿ, ಸರದಿ ಸರದಿಗೆ ಹೊಸ ಎಲೆಗಳನ್ನು ಕೊಳ್ಳುತ್ತಾ ಹೋಗುತ್ತಾನೆ. ಮೊದಲ ಆವೃತ್ತಿಯಲ್ಲಿ ೨೫ ಬಗೆಯ ವಿಶೇಷ ಎಲೆಗಳಿದ್ದು, ಒಂದು ಆಟಕ್ಕೆ ಅವುಗಳಲ್ಲಿ ೧೦ ಬಗೆಗಳನ್ನು ಆರಿಸುತ್ತಿದ್ದರು. ಹೀಗೆ ಆರಿಸಲು ಎಷ್ಟು ಮಾರ್ಗಗಳಿವೆ? ಕಾಲೇಜಿನ ವಿದ್ಯಾರ್ಥಿಗಳು ಸೂತ್ರ ಹಚ್ಚಿ ನೋಡಬಹುದು: ೩೨,೬೮,೭೬೦. ದಿನಕ್ಕೊಂದು ಆಟವಾಡಿದರೂ ಎಂಟು ಸಾವಿರ ವರ್ಷಗಳಿಗೆ ಮೀರಿ ಹೊಸತು ಮುಗಿಯದು!

ಗಣಕಯಂತ್ರದ ಮೇಲೆ ಈ ಬಗೆಯ ಆಟಕ್ಕೆ ಹೆಸರು ತಂದುದು ೨೦೧೯ರಲ್ಲಿ ಪೂರ್ಣರೂಪ ಪಡೆದ 'ಸ್ಲೇ ದಿ ಸ್ಪೈರ್'. ಅದರ ಯೋಧನೊಬ್ಬನು ಹತ್ತೇ ಎಲೆಗಳೊಡನೆ ಹೊರಡುತ್ತಾನೆ. ಪ್ರತಿ ಸರದಿಗೂ ಐದು ಎಲೆಗಳು ಅವನ ಕೈಗೆ ಬರುತ್ತವೆ. ಗೆದ್ದಾಗಲೆಲ್ಲ ಒಂದು ಹೊಸ ಎಲೆಯನ್ನು ಪಡೆಯಬಹುದು. ವಿಚಿತ್ರವೆಂದರೆ, ಈ ಆಟದ ಅಂಗಡಿಯಲ್ಲಿ ಎಲೆಯೊಂದನ್ನು ಕಟ್ಟಿನಿಂದ ತೆಗೆಸಿಹಾಕುವುದಕ್ಕೂ ಬೆಲೆ ತೆರಬೇಕು. ಪಡೆಯುವುದಕ್ಕೆ ಹಣ ಕೊಡುವುದು ಸಹಜ. ಕಳೆದುಕೊಳ್ಳುವುದಕ್ಕೆ ಯಾರಾದರೂ ಹಣ ಕೊಟ್ಟಾರೆಯೆ?

ನೀರು ಬೆರೆತ ಮಜ್ಜಿಗೆ

ಕೊಡುತ್ತಾರೆ, ಕೊಡಬೇಕು ಎಂಬುದಕ್ಕೆ ಸಂಭವನೀಯತೆಯ ಗಣಿತವೇ ಸಾಕ್ಷಿ. ಹತ್ತು ಎಲೆಗಳ ಕಟ್ಟಿನಲ್ಲಿ ನಮ್ಮ ಮೆಚ್ಚಿನ ಎಲೆ ಒಂದಿದೆಯೆನ್ನೋಣ. ಐದು ಎಲೆಗಳನ್ನು ತೆಗೆದಾಗ ಅದು ಕೈಗೆ ಬರುವ ಸಂಭವ ಎರಡರಲ್ಲಿ ಒಂದು. ಕಟ್ಟು ಇಪ್ಪತ್ತಕ್ಕೆ ಬೆಳೆದರೆ ನಾಲ್ಕರಲ್ಲಿ ಒಂದು. ನಲವತ್ತಕ್ಕೆ ಬೆಳೆದರೆ ಎಂಟರಲ್ಲಿ ಒಂದು. ಮಜ್ಜಿಗೆಗೆ ನೀರು ಸುರಿದಷ್ಟೂ ಗಡಿಗೆ ತುಂಬೀತು, ರುಚಿ ತೆಳುವಾದೀತು.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಈ ಆಟಗಳಲ್ಲಿ ಎಲೆಯೊಂದು ಒಂಟಿಯಾಗಿ ಗೆಲ್ಲಿಸುವುದು ಅಪರೂಪ. ಒಂದು ಎಲೆ ವೈರಿಯನ್ನು ದುರ್ಬಲಗೊಳಿಸಿದರೆ, ಮತ್ತೊಂದು ಎಲೆ ದುರ್ಬಲನಾದವನಿಗೆ ಹೆಚ್ಚಿನ ಪೆಟ್ಟು ಕೊಡುತ್ತದೆ. ಇಳಕಲ್ಲಿನ ಮಾತಿನಲ್ಲಿ ಹೇಳುವುದಾದರೆ, ಎರಡು ಎಲೆಗಳಿಗೂ ಕೊಂಡಿ ಬೀಳಬೇಕು. ಆ ಎರಡೂ ಒಂದೇ ಸರದಿಯಲ್ಲಿ ಕೈಗೆ ಬರುವ ಸಂಭವವೆಷ್ಟು? ಹತ್ತು ಎಲೆಗಳ ಕಟ್ಟಿನಲ್ಲಿ ಒಂಬತ್ತರಲ್ಲಿ ಎರಡು ಪಾಲು. ಇಪ್ಪತ್ತರಲ್ಲಿ ಹತ್ತೊಂಬತ್ತರಲ್ಲಿ ಒಂದು. ನಲವತ್ತರಲ್ಲಿ ಎಪ್ಪತ್ತೆಂಟರಲ್ಲಿ ಒಂದು ಮಾತ್ರ! ಕಟ್ಟು ಇಮ್ಮಡಿಯಾದಾಗ ಒಂಟಿ ಎಲೆಯ ಸಂಭವವು ಅರ್ಧಕ್ಕಿಳಿದರೆ, ಕೊಂಡಿಯ ಸಂಭವವು ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲಿಗೆ ಕುಸಿಯುತ್ತದೆ.

ಆದುದರಿಂದ ಕಂಡ ಕಂಡ ಒಳ್ಳೆಯ ಎಲೆಗಳನ್ನೆಲ್ಲ ಬಾಚಿಕೊಳ್ಳುವವನು ಸೋಲುತ್ತಾನೆ. 'ಇದು ಒಳ್ಳೆಯ ಎಲೆಯೆ?' ಎಂದು ಕೇಳುವವನಿಗಿಂತ 'ನನ್ನ ಕಟ್ಟಿಗೆ ಇದು ಹೊಂದುವುದೆ?' ಎಂದು ಕೇಳುವವನು ಜಾಣ. ಪರೀಕ್ಷೆಯ ಮುನ್ನಾದಿನ ಹತ್ತು ಪುಸ್ತಕಗಳನ್ನು ಹರಡಿಕೊಂಡು ಕುಳಿತ ವಿದ್ಯಾರ್ಥಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ದಾರಿಯ ಲೆಕ್ಕ

ಇನ್ನು ವಿಶಾಲವಾದ ಲೋಕದ ಮಾತು. ಮಲಪ್ರಭೆಯ ಕಣಿವೆಗೆ ಬಂದ ಪ್ರವಾಸಿಯೊಬ್ಬನು ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಹುನಗುಂದ, ಇಳಕಲ್ಲು ಎಂಬ ಆರು ಊರುಗಳನ್ನು ನೋಡಬಯಸುತ್ತಾನೆ. ಯಾವುದನ್ನು ಮೊದಲು ನೋಡಬೇಕೆಂಬ ಕಟ್ಟಳೆ ಇಲ್ಲದಿದ್ದರೆ ಅವನ ಮುಂದಿರುವ ಕ್ರಮಗಳು ೭೨೦. ಊರುಗಳು ಹತ್ತಾದರೆ ೩೬,೨೮,೮೦೦. ಐಹೊಳೆಯನ್ನು ಮೊದಲು ಕಂಡವನು ಚಾಲುಕ್ಯ ಶಿಲ್ಪಿಗಳ ಪ್ರಯೋಗಗಳನ್ನು ಕಂಡು, ಆ ಕಣ್ಣಿನಿಂದಲೇ ಪಟ್ಟದಕಲ್ಲನ್ನು ನೋಡುತ್ತಾನೆ. ಪಟ್ಟದಕಲ್ಲಿನಿಂದ ತೊಡಗಿದವನು ಐಹೊಳೆಯಲ್ಲಿ ಅದರ ಬೇರುಗಳನ್ನು ಹುಡುಕುತ್ತಾನೆ. ಊರುಗಳು ಅವೇ, ಅನುಭವ ಬೇರೆ.

ಓಪನ್ ವರ್ಲ್ಡ್ ಆಟಗಳನ್ನು ರಚಿಸುವವರು ಇಂತಹ ಲಕ್ಷಾಂತರ ದಾರಿಗಳನ್ನು ಒಂದೊಂದಾಗಿ ಬರೆದಿಡುವುದಿಲ್ಲ. ಅವರು ಊರುಗಳನ್ನೂ ನಿಯಮಗಳನ್ನೂ ಇಡುತ್ತಾರೆ. ದಾರಿಯನ್ನು ಆಟಗಾರನು ನಿರ್ಮಿಸುತ್ತಾನೆ. ಕೆಲವೊಮ್ಮೆ ಊರುಗಳನ್ನೂ ಅವರು ಕೂಡಿಡುವುದಿಲ್ಲ. ೧೯೮೪ರಲ್ಲಿ ಬ್ರಿಟನ್ನಿನ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ತರುಣರು 'ಎಲೀಟ್' ಎಂಬ ಆಟವನ್ನು ರಚಿಸಿದರು. ಅವರ ಯಂತ್ರದ ನೆನಪಿನ ಶಕ್ತಿ ೩೨ ಕಿಲೋಬೈಟುಗಳು ಮಾತ್ರ; ಇಂದಿನ ಒಂದು ಸಾಮಾನ್ಯ ಛಾಯಾಚಿತ್ರವೂ ಅದರಲ್ಲಿ ಹಿಡಿಸದು. ಆದರೂ ಎಂಟು ಗ್ಯಾಲಕ್ಸಿಗಳಲ್ಲಿ ತಲಾ ೨೫೬ರಂತೆ ೨೦೪೮ ಲೋಕಗಳು ಅದರಲ್ಲಿದ್ದುವು. ಗುಟ್ಟೇನು? ಕೆಲವು ಬೀಜಸಂಖ್ಯೆಗಳನ್ನಿಟ್ಟು, ಹಿಂದಿನವನ್ನು ಕೂಡಿ ಮುಂದಿನದನ್ನು ಪಡೆಯುವ ನಿಯಮವೊಂದನ್ನು ಅವರು ಬಳಸಿದರು. ಬೀಜ ಒಂದೇ ಆದರೆ ಬೆಳೆಯೂ ಒಂದೇ. ಆದುದರಿಂದ ಆಟಗಾರನು ಯಾವಾಗ ಹೋದರೂ ಅದೇ ಲೋಕ ಅದೇ ಎಡೆಯಲ್ಲಿರುತ್ತಿತ್ತು. ನೇಕಾರನು ತಲೆಯಲ್ಲಿ ಸೀರೆಯನ್ನು ಮಡಿಸಿಟ್ಟುಕೊಂಡಿರುವುದಿಲ್ಲ. ಎಳೆಗಳನ್ನು ಎಣಿಸುವ ಕ್ರಮವನ್ನು ಇಟ್ಟುಕೊಂಡಿರುತ್ತಾನೆ. ಇದೂ ಹಾಗೆಯೇ.

ಲೋಕಸಂಚಾರವನ್ನೂ ಕಟ್ಟುವ ಕಟ್ಟನ್ನೂ ಒಂದುಗೂಡಿಸಿದ ಹಳೆಯ ಪ್ರಯತ್ನಗಳಲ್ಲೊಂದು ೧೯೯೭ರ ಗಣಕಯಂತ್ರದ 'ಮ್ಯಾಜಿಕ್' ಆಟ. ಅದರಲ್ಲಿ ಆಟಗಾರನು ಶಾಂಡಲಾರ್ ಎಂಬ ನಾಡಿನಲ್ಲಿ ಅಲೆದಾಡುತ್ತಾ, ಹಳ್ಳಿಗಳಲ್ಲಿ ಎಲೆಗಳನ್ನು ಕೊಳ್ಳುತ್ತಾ, ವೈರಿಗಳನ್ನು ಗೆದ್ದು ಅವರಿಂದ ಎಲೆಗಳನ್ನು ಪಡೆಯುತ್ತಿದ್ದನು. ನಡೆದಂತೆಲ್ಲ ಬುತ್ತಿಯೂ ಕರಗುತ್ತಿತ್ತು. ಹೀಗೆ ನಡೆದ ದಾರಿಯೇ ಎಲೆಗಳ ಕಟ್ಟಾಗುತ್ತದೆ. ಕಟ್ಟೇ ಮುಂದಿನ ದಾರಿಯನ್ನು ನಿರ್ಣಯಿಸುತ್ತದೆ.

ನಿಜವಾದ ಆಯ್ಕೆ, ತೋರಿಕೆಯ ಆಯ್ಕೆ

ನಾಯಕನನ್ನು ರೂಪಿಸುವುದರಲ್ಲಿಯೂ ಇದೇ ಗುಣಾಕಾರ. ಆರು ಕುಲ, ಎಂಟು ವೃತ್ತಿ, ಹತ್ತು ಸ್ವಭಾವ, ಐದು ಹುಟ್ಟೂರು ಎಂದು ಆಟವೊಂದು ಕೊಟ್ಟರೆ ೨೪೦೦ ನಾಯಕರು ಸಿದ್ಧ. ಆದರೆ ಇಲ್ಲಿ ಎಚ್ಚರಿಕೆ ಬೇಕು. ಸೀರೆಯ ಬಣ್ಣವನ್ನು ಕೆಂಪಿನಿಂದ ಹಸುರಿಗೆ ಬದಲಿಸಿದರೆ ನೇಕಾರನು ಎಳೆಗಳನ್ನು ಎಣಿಸುವ ಕ್ರಮ ಬದಲಾಗದು. ಬರಿಯ ಒಡಲನ್ನು ಚೌಕಳಿಗೆ ಬದಲಿಸಿದರೆ ಲೆಕ್ಕವೆಲ್ಲ ಹೊಸದಾಗಬೇಕು. ಆಟದಲ್ಲಿಯೂ ಹೀಗೆಯೆ. ಮುಂದಿನ ಆಯ್ಕೆಗಳನ್ನು ಬದಲಿಸುವ ಆಯ್ಕೆಯೇ ನಿಜವಾದ ಆಯ್ಕೆ, ಉಳಿದುದು ಅಲಂಕಾರ. ಅಲಂಕಾರ ತಪ್ಪಲ್ಲ. ಆದರೆ ೨೪೦೦ ಎಂಬ ಸಂಖ್ಯೆಯನ್ನು ಕೇಳಿ ಮರುಳಾಗಬೇಕಾಗಿಲ್ಲ.

ಮರುಳಾದವರಿಂದ ಹಣ ಕೀಳುವ ಆಟಗಳೂ ಇವೆಯಾದುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಕೆಲವು ಆಟಗಳಲ್ಲಿ ಮಾರುತ್ತಾರೆ. ಅಪರೂಪದ ಎಲೆಯೊಂದು ನೂರರಲ್ಲಿ ಒಂದು ಪೆಟ್ಟಿಗೆಯ ಸಂಭವದ್ದೆಂದು ಪ್ರಕಟಿಸಿದ್ದಾರೆನ್ನೋಣ. ನೂರು ಪೆಟ್ಟಿಗೆ ಕೊಂಡರೆ ಎಲೆ ಖಂಡಿತ ಸಿಕ್ಕೀತೆಂದು ಎಷ್ಟೋ ಮಂದಿ ಭಾವಿಸುತ್ತಾರೆ. ಲೆಕ್ಕ ಹೇಳುವುದೇ ಬೇರೆ. ಒಂದು ಪೆಟ್ಟಿಗೆ ಬರಿದಾಗಿರುವ ಸಂಭವ ೦.೯೯, ನೂರೂ ಬರಿದಾಗಿರುವ ಸಂಭವವು ೦.೯೯ನ್ನು ನೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು ೦.೩೭. ತಲಾ ನೂರು ಪೆಟ್ಟಿಗೆ ಕೊಂಡ ನೂರು ವಿದ್ಯಾರ್ಥಿಗಳಲ್ಲಿ ಸುಮಾರು ೩೭ ಮಂದಿ ಬರಿಗೈಯಲ್ಲಿ ಮರಳುತ್ತಾರೆ! ಬೆಲ್ಜಿಯಂ ದೇಶವು ೨೦೧೮ರಲ್ಲಿಯೇ ಹಣಕ್ಕೆ ಮಾರುವ ಇಂತಹ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಕಾನೂನು ಏನೇ ಇರಲಿ, ಈ ಗುಣಾಕಾರವನ್ನು ಬಲ್ಲ ವಿದ್ಯಾರ್ಥಿಯನ್ನು ವಂಚಿಸುವುದು ಸುಲಭವಲ್ಲ.

ಮರಳಿ ಬಾರದ ಎಲೆ

ಕೊನೆಗೊಂದು ಮಾತು. ಗಣಕಯಂತ್ರದ ಆಟದಲ್ಲಿ ಸೋತವನು ಮತ್ತೆ ಮೊದಲಿನಿಂದ ಹೊರಡಬಹುದು. ನಾಯಕ ಮಡಿದರೂ ನಾಡು ಹಾಗೆಯೇ ಇರುತ್ತದೆ. ಈ ಸೌಲಭ್ಯವೇ ಆಟವನ್ನು ಒಳ್ಳೆಯ ಪಾಠಶಾಲೆಯನ್ನಾಗಿ ಮಾಡಿದೆ. ಅಗ್ಗವಾಗಿ ತಪ್ಪು ಮಾಡಿ ಕಲಿಯಬಹುದಾದ ಸ್ಥಳವದು.

ಲೋಕದಲ್ಲಿ ಈ ಸೌಲಭ್ಯವಿಲ್ಲ. ಇದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆಗೆ ಬಂದರೆ ಸಾಕು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಘಟಪ್ರಭೆಯ ದಡದ ಈ ಹಳೆಯ ಊರಿನ ಹಲವು ಭಾಗಗಳನ್ನು ಆವರಿಸಿತು. ಮನೆ, ಬೀದಿ, ಪೇಟೆಗಳು ನೀರಿನ ಪಾಲಾದುವು. ಸಾವಿರಾರು ಕುಟುಂಬಗಳು ನವನಗರದಲ್ಲಿ ಹೊಸ ಮನೆ ಹೂಡಿದುವು. ದೂರದ ಹೊಲಗಳಿಗೆ ನೀರೂ ಊರುಗಳಿಗೆ ವಿದ್ಯುತ್ತೂ ದೊರೆತುವೆಂಬುದು ನಿಜ. ಆದರೆ ಒಮ್ಮೆ ಇಳಿಸಿದ ಆ ಎಲೆಯನ್ನು ಮರಳಿ ಕೈಗೆ ತೆಗೆದುಕೊಳ್ಳುವಂತಿಲ್ಲ.

ಆಟವಾಡುವ ತರುಣ ವಾಚಕರಿಗೆ ಆಡಬೇಡಿರೆಂದು ನಾವು ಹೇಳುವುದಿಲ್ಲ. ಆಡುವಾಗ ಎಣಿಸಿರಿ, ಬಾಚುವ ಮೊದಲು ಹೊಂದುವುದೆ ಎಂದು ನೋಡಿರಿ, ಬಿಡುವುದನ್ನೂ ಕಲಿಯಿರಿ ಎನ್ನುತ್ತೇವೆ. ದಿನಕ್ಕೆ ನಮ್ಮ ಕೈಗೆ ಬರುವ ಗಂಟೆಗಳು ಇಪ್ಪತ್ತನಾಲ್ಕೇ. ಆ ಕಟ್ಟನ್ನು ಯಾವ ಅಂಗಡಿಯಲ್ಲಿಯೂ ಹಿಗ್ಗಿಸಿ ಕೊಡುವುದಿಲ್ಲ. ಕೊಂಡಿ ಹಾಕುವ ಕೆಲಸವೊಂದು ಮಾತ್ರ ನಮ್ಮದು.